ಕಾರಿಗೆ ಸೆರಾಮಿಕ್ ಕೋಟಿಂಗ್: ಹಣ ಕೊಡುವ ಮುನ್ನ ವಯನಾಡಿನ ಕುಟುಂಬಗಳು ತಿಳಿಯಬೇಕಾದುದು

ಹೊಸ ಕಾರು ಕೊಳ್ಳಲು ಮಳಿಗೆಗೆ ಹೋದವರ ಮುಂದೆ ವಿಮೆ, ನೆಲಹಾಸು, ಸೀಟ್ ಕವರುಗಳ ಪಟ್ಟಿಯೊಡನೆ ಈಗ ‘ಸೆರಾಮಿಕ್ ಕೋಟಿಂಗ್’ ಎಂಬ ಇನ್ನೊಂದು ಸಾಲೂ ಬಂದು ನಿಲ್ಲುತ್ತದೆ. ಹಳೆಯ ಕಾರುಳ್ಳವರಿಗೂ ಡೀಟೇಲಿಂಗ್ ಅಂಗಡಿಗಳಲ್ಲಿ ಇದೇ ಮಾತು ಕೇಳಿಬರುತ್ತದೆ: ಒಮ್ಮೆ ಬಳಿಸಿದರೆ ವರ್ಷಗಟ್ಟಲೆ ಹೊಳಪು, ಗೀರು ಬೀಳುವುದಿಲ್ಲ, ತೊಳೆಯುವ ಗೋಜಿಲ್ಲ. ಕಾರಿನ ಗಾತ್ರ ಹಾಗೂ ಕೋಟಿಂಗಿನ ದರ್ಜೆಗೆ ಅನುಗುಣವಾಗಿ ಹತ್ತು ಹದಿನೈದು ಸಾವಿರ ರೂಪಾಯಿಗಳಿಂದ ನಲವತ್ತು ಐವತ್ತು ಸಾವಿರದವರೆಗೂ ಕೇಳುವುದುಂಟು. ಸಂಬಳವನ್ನೋ ತೋಟದ ಆದಾಯವನ್ನೋ ಲೆಕ್ಕವಿಟ್ಟು ಬದುಕುವ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ. ಸಣ್ಣ ಕಾರೊಂದಕ್ಕೆ ನಾಲ್ಕು ಹೊಸ ಟೈರುಗಳನ್ನು ಹಾಕಿಸಬಹುದಾದ ಹಣವಿದು.

ಸೆರಾಮಿಕ್ ಕೋಟಿಂಗ್ ಮೋಸದ ವಸ್ತುವೇನಲ್ಲ. ಆದರೆ ಅದು ನಿಜವಾಗಿ ಮಾಡುವ ಕೆಲಸ ಒಂದು, ಅದರ ಹೆಸರಿನಲ್ಲಿ ಮಾರಾಟವಾಗುವ ಭರವಸೆ ಇನ್ನೊಂದು. ಈ ಎರಡರ ನಡುವಿನ ಅಂತರವನ್ನು ಅರಿತು ನಿರ್ಧರಿಸಲು ನೆರವಾಗುವುದೇ ಈ ಬರಹದ ಉದ್ದೇಶ.

ಕೋಟಿಂಗ್ ಎಂದರೇನು?

ಕಾರಿನ ಲೋಹದ ಮೇಲೆ ಬಣ್ಣವು ಹಲವು ಪದರಗಳಾಗಿ ಕುಳಿತಿರುತ್ತದೆ. ತಳದಲ್ಲಿ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ನಾವು ಕಾಣುವ ಬಣ್ಣ, ಎಲ್ಲಕ್ಕಿಂತ ಮೇಲೆ ‘ಕ್ಲಿಯರ್ ಕೋಟ್’ ಎಂಬ ಪಾರದರ್ಶಕ ಪದರ. ಇವೆಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಮಾತ್ರ. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್. ಮಕ್ಕಳ ನೋಟ್‌ಪುಸ್ತಕದ ಒಂದು ಹಾಳೆ ಹೆಚ್ಚುಕಡಿಮೆ 100 ಮೈಕ್ರಾನ್ ಇರುತ್ತದೆ ಎಂದರೆ ಕಾರಿನ ಬಣ್ಣ ಎಷ್ಟು ತೆಳುವೆಂಬುದು ಅರ್ಥವಾಗುತ್ತದೆ. ಇದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 40ರಿಂದ 50 ಮೈಕ್ರಾನ್. ಬಿಸಿಲು, ಮಳೆ, ಹಕ್ಕಿಯ ಹಿಕ್ಕೆಗಳ ಹೊಡೆತವನ್ನೆಲ್ಲ ಮೊದಲು ತಾಳಿಕೊಳ್ಳುವುದು ಈ ಪದರವೇ.

ಸೆರಾಮಿಕ್ ಕೋಟಿಂಗ್ ಎಂಬುದು ಸಿಲಿಕಾ, ಅಂದರೆ ಮರಳಿನ ಮೂಲದ್ರವ್ಯವನ್ನು ಆಧರಿಸಿದ ಒಂದು ದ್ರವ. ಅದನ್ನು ಬಟ್ಟೆಯಿಂದ ಕ್ಲಿಯರ್ ಕೋಟಿನ ಮೇಲೆ ಸವರಿದಾಗ ಗಾಳಿಯ ತೇವಾಂಶದೊಡನೆ ವರ್ತಿಸಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೇಣದಂತೆ ಕೆಲವೇ ವಾರಗಳಲ್ಲಿ ಅಳಿದುಹೋಗದಿರುವುದು ಇದರ ಹೆಚ್ಚುಗಾರಿಕೆ. ಆದರೆ ಇದರ ದಪ್ಪ ಒಂದೆರಡು ಮೈಕ್ರಾನ್ ಮಾತ್ರ. ನೋಟ್‌ಪುಸ್ತಕದ ಹಾಳೆಯ ದಪ್ಪದಲ್ಲಿ ಐವತ್ತನೆಯ ಒಂದು ಭಾಗವೋ ನೂರನೆಯ ಒಂದು ಭಾಗವೋ ಆಗುವಷ್ಟು. ಇಷ್ಟು ತೆಳುವಾದ ಪದರದಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದು ಈ ಲೆಕ್ಕದಿಂದಲೇ ಸ್ಪಷ್ಟವಾಗುತ್ತದೆ.

‘9ಎಚ್’ ಎಂಬ ಗುರುತಿನ ನಿಜಾರ್ಥ

ಬಹುತೇಕ ಎಲ್ಲ ಕೋಟಿಂಗುಗಳ ಜಾಹೀರಾತಿನಲ್ಲಿ ‘9ಎಚ್ ಗಡಸುತನ’ ಎಂಬ ಮಾತಿರುತ್ತದೆ. ಹೈಸ್ಕೂಲಿನ ವಿಜ್ಞಾನದಲ್ಲಿ ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕವನ್ನು ಓದಿದವರು, ಅದರಲ್ಲಿ 10 ವಜ್ರಕ್ಕೂ 9 ಮಾಣಿಕ್ಯದ ಜಾತಿಯ ಕಲ್ಲಿಗೂ ಸಲ್ಲುವುದನ್ನು ನೆನೆದು, ಕೋಟಿಂಗ್ ವಜ್ರಕ್ಕೆ ಒಂದೇ ಮೆಟ್ಟಿಲು ಕೆಳಗಿದೆ ಎಂದು ಭಾವಿಸುವುದು ಸಹಜ. ಆದರೆ ಈ 9ಎಚ್‌ಗೂ ಮೋಸ್ ಮಾಪಕಕ್ಕೂ ಸಂಬಂಧವಿಲ್ಲ.

ಇದು ಪೆನ್ಸಿಲಿನ ಅಳತೆ. ಮಕ್ಕಳು ಬಳಸುವ ಪೆನ್ಸಿಲುಗಳ ಮೇಲೆ ಎಚ್‌ಬಿ, 2ಬಿ, 2ಎಚ್ ಎಂದು ಬರೆದಿರುವುದನ್ನು ಎಲ್ಲರೂ ಕಂಡಿದ್ದಾರೆ. ಆ ಸಾಲಿನಲ್ಲಿ ಅತ್ಯಂತ ಗಡಸು ಪೆನ್ಸಿಲು 9ಎಚ್. ಗೊತ್ತಾದ ಭಾರದಲ್ಲಿ, 45 ಡಿಗ್ರಿ ಓರೆಯಾಗಿ ಆ ಪೆನ್ಸಿಲನ್ನು ಮೇಲ್ಮೈಯ ಮೇಲೆ ತಳ್ಳಿದಾಗ ಗೀರು ಬೀಳದಿದ್ದರೆ ಆ ಮೇಲ್ಮೈಗೆ 9ಎಚ್ ಎಂಬ ಗುರುತು. ಅಂದರೆ ಕೋಟಿಂಗ್ ಪೆನ್ಸಿಲಿನ ಮೊನೆಗೆ ಜಗ್ಗದು, ಅಷ್ಟೆ. ರಸ್ತೆಯ ದೂಳಿನಲ್ಲಿರುವ ಬೆಣಚುಕಲ್ಲಿನ ಕಣ ಮೋಸ್ ಮಾಪಕದಲ್ಲಿ 7ರಷ್ಟು ಗಡಸು. ಪೆನ್ಸಿಲಿನ ಸೀಸದಕಡ್ಡಿಗಿಂತ ಎಷ್ಟೋ ಪಾಲು ಹೆಚ್ಚು. ಒಣ ಬಟ್ಟೆಯಿಂದ ಆ ದೂಳನ್ನು ಒರೆಸಿದರೆ ಕೋಟಿಂಗ್ ಇದ್ದರೂ ಗೀರು ಬೀಳುತ್ತದೆ.

ನಮ್ಮ ನೆಲದಲ್ಲಿ ಏನು ಕಾಯುತ್ತದೆ?

ವಯನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರು ಒಣಗುವ ದಿನಗಳೇ ವಿರಳ. ತೋಟದ ಹಾದಿಯ ಕೆಮ್ಮಣ್ಣು ಬಾಗಿಲಿನ ಅರ್ಧದವರೆಗೂ ಮೆತ್ತಿಕೊಳ್ಳುತ್ತದೆ. ಕೋಟಿಂಗಿನ ನಿಜವಾದ ಪ್ರಯೋಜನ ಕಾಣುವುದು ಇಲ್ಲಿಯೇ. ನೀರು ಮೇಲ್ಮೈಯಲ್ಲಿ ಹರಡದೆ ಹನಿಗಟ್ಟಿ ಜಾರುವುದರಿಂದ ಕೆಸರು ಬಲವಾಗಿ ಹಿಡಿಯುವುದಿಲ್ಲ. ಸಾಕಷ್ಟು ನೀರು ಹಾಯಿಸಿದರೆ ಹೆಚ್ಚಿನ ಪಾಲು ತಾನಾಗಿ ಇಳಿಯುತ್ತದೆ. ಉಜ್ಜುವುದು ಕಡಿಮೆಯಾದಷ್ಟೂ ಗೀರುಗಳೂ ಕಡಿಮೆ.

ಹಕ್ಕಿಯ ಹಿಕ್ಕೆ, ಕಾಫಿ ಹೂವಿನ ಕಾಲದಲ್ಲಿ ಜೇನ್ನೊಣಗಳು ಉದುರಿಸುವ ಹಳದಿ ಚುಕ್ಕೆ, ಹಲಸಿನ ಮರದ ಅಂಟು ಇವು ಬಿಸಿಲಿಗೆ ಕಾದ ಬಣ್ಣದ ಮೇಲೆ ಕುಳಿತರೆ ಕ್ಲಿಯರ್ ಕೋಟನ್ನೇ ತಿಂದು ಕಲೆಯುಳಿಸುತ್ತವೆ. ಕೋಟಿಂಗ್ ಇದ್ದರೆ ಈ ಕೆಡುಕು ನಿಧಾನವಾಗುತ್ತದೆ, ತೊಳೆಯಲು ನಮಗೆ ಕೆಲಕಾಲ ಸಿಗುತ್ತದೆ. ಆದರೆ ದಿನಗಟ್ಟಲೆ ಬಿಟ್ಟರೆ ಕೋಟಿಂಗ್ ಕೂಡ ಸೋಲುತ್ತದೆ. ಬಿಸಿಲಿಗೆ ಬಣ್ಣ ಮಾಸುವುದೂ ತಕ್ಕಮಟ್ಟಿಗೆ ತಡವಾಗುತ್ತದೆ.

ಏನು ಕಾಯುವುದಿಲ್ಲ?

ತಾಮರಶ್ಶೇರಿ ಚುರದ ಒಂಬತ್ತು ಹೇರ್‌ಪಿನ್ ತಿರುವುಗಳಲ್ಲಿ ಮುಂದಿನ ಲಾರಿಯ ಚಕ್ರದಿಂದ ಸಿಡಿಯುವ ಕಲ್ಲಿನ ಪೆಟ್ಟನ್ನು ಯಾವ ಸೆರಾಮಿಕ್ ಕೋಟಿಂಗೂ ತಡೆಯಲಾರದು. ಲಕ್ಕಿಡಿಯ ಬಳಿ ಬಾನೆಟ್ಟಿನ ಮೇಲೆ ಹಾರುವ ಕೋತಿಯ ಉಗುರಿಗೂ ಅದು ತಡೆಯಲ್ಲ. ಇಕ್ಕಟ್ಟಾದ ರಸ್ತೆಯಲ್ಲಿ ಉಜ್ಜುವ ಬೇಲಿಯ ಮುಳ್ಳಿಗೂ ಅಷ್ಟೆ. ಕಲ್ಲಿನ ಪೆಟ್ಟಿಗೆ ಬೇಕಾದುದು ‘ಪೇಂಟ್ ಪ್ರೊಟೆಕ್ಷನ್ ಫಿಲ್ಮ್’ ಎಂಬ ಪಾರದರ್ಶಕ ಹಾಳೆ. ಪಾಲಿಯುರೆಥೇನಿನಿಂದ ಮಾಡಿದ ಅದರ ದಪ್ಪ ಸುಮಾರು 150ರಿಂದ 200 ಮೈಕ್ರಾನ್, ಅಂದರೆ ಕೋಟಿಂಗಿನ ನೂರರಷ್ಟು. ಇಡೀ ಕಾರಿಗೆ ಅದು ಬಹಳ ದುಬಾರಿ; ಆದರೆ ಮುಂದಿನ ಬಂಪರು, ಬಾನೆಟ್ಟಿನ ಅಂಚು, ಕನ್ನಡಿಗಳ ಹಿಂಭಾಗ, ಬಾಗಿಲ ಹಿಡಿಯ ಸುತ್ತ ಇಷ್ಟಕ್ಕೇ ಹಾಕಿಸಿಕೊಳ್ಳುವ ಅವಕಾಶವಿದೆ.

ತುಕ್ಕಿನ ವಿಷಯವೂ ಹೀಗೆಯೇ. ಮಳೆನಾಡಿನಲ್ಲಿಯೂ ಉಪ್ಪುಗಾಳಿಯ ಕಾಸರಗೋಡಿನ ಕರಾವಳಿಯಲ್ಲಿಯೂ ತುಕ್ಕು ಹೆಚ್ಚಾಗಿ ಆರಂಭವಾಗುವುದು ಕಾರಿನ ತಳಭಾಗದಲ್ಲಿ, ಬಾಗಿಲುಗಳ ಕೆಳಅಂಚಿನಲ್ಲಿ, ಕೆಸರು ನಿಲ್ಲುವ ಸಂದುಗಳಲ್ಲಿ. ಮೇಲಿನ ಬಣ್ಣಕ್ಕೆ ಬಳಿದ ಕೋಟಿಂಗ್ ಅಲ್ಲಿಗೆ ತಲುಪುವುದೇ ಇಲ್ಲ. ತುಕ್ಕೇ ಚಿಂತೆಯಾಗಿದ್ದರೆ ತಳಭಾಗದ ತುಕ್ಕುನಿರೋಧಕ ಲೇಪವನ್ನು ಬೇರೆಯಾಗಿ ಮಾಡಿಸಬೇಕು. ಬಾಗಿಲುಗಳ ಅಡಿಯ ನೀರಿಳಿಯುವ ರಂಧ್ರಗಳನ್ನು ತೆರವಾಗಿಡಬೇಕು.

‘ತೊಳೆಯುವುದೇ ಬೇಡ’ ಎಂಬುದೂ ನಿಜವಲ್ಲ. ಹನಿಗಟ್ಟಿ ನಿಂತ ನೀರು ಬಿಸಿಲಿಗೆ ಆರಿದಾಗ ಅದರಲ್ಲಿದ್ದ ಸುಣ್ಣದಂಥ ಲವಣಗಳು ಬಿಳಿಯ ಉಂಗುರಗಳಾಗಿ ಉಳಿಯುತ್ತವೆ. ಮಳೆನೀರಿನಲ್ಲಿ ಲವಣ ಕಡಿಮೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಹೆಚ್ಚು. ಆದ್ದರಿಂದ ಕೋಟಿಂಗ್ ಇರುವ ಕಾರನ್ನು ನೆರಳಿನಲ್ಲಿ ತೊಳೆದು, ಮೈಕ್ರೋಫೈಬರ್ ಬಟ್ಟೆಯಿಂದ ಒಡನೆಯೇ ಒಣಗಿಸಬೇಕಾಗುತ್ತದೆ.

ಸೀಸೆಗಿಂತ ಕೈ ಮುಖ್ಯ

ಅಂಗಡಿಯವರು ಸೀಸೆಯ ಮೇಲಿನ ಹೆಸರನ್ನು ತೋರಿಸುತ್ತಾರೆ. ಗಮನಿಸಬೇಕಾದುದು ಅದಕ್ಕೂ ಮುಂಚಿನ ಕೆಲಸವನ್ನು. ಕೋಟಿಂಗ್ ಪಾರದರ್ಶಕವಾದುದರಿಂದ ಅದರಡಿಯಲ್ಲಿ ಏನಿದೆಯೋ ಅದೇ ವರ್ಷಗಟ್ಟಲೆ ಉಳಿಯುತ್ತದೆ. ಗೀರುಗಳಿರುವ ಬಣ್ಣದ ಮೇಲೆ ಬಳಿದರೆ ಗೀರುಗಳೇ ಹೊಳೆಯುತ್ತವೆ. ಕೊಳೆ, ಡಾಂಬರಿನ ಚುಕ್ಕೆ, ಕಬ್ಬಿಣದ ಕಣಗಳನ್ನು ತೆಗೆದು, ಯಂತ್ರದಿಂದ ಪಾಲಿಶ್ ಮಾಡಿ, ಎಣ್ಣೆಯಂಶವನ್ನು ಒರೆಸಿ, ಆಮೇಲೆ ಕೋಟಿಂಗ್ ಹಚ್ಚಬೇಕು. ನಾವು ಕೊಡುವ ಹಣದ ದೊಡ್ಡ ಪಾಲು ಸಲ್ಲುವುದು ಈ ಶ್ರಮಕ್ಕೆ. ಬೆಳಿಗ್ಗೆ ಬಿಟ್ಟರೆ ಮಧ್ಯಾಹ್ನಕ್ಕೆ ಸಿದ್ಧ ಎನ್ನುವವರು ಈ ಹಂತಗಳಲ್ಲಿ ಯಾವುದನ್ನು ಬಿಡುತ್ತಾರೆ ಎಂದು ಕೇಳುವುದು ಸರಿಯಾದ ಪ್ರಶ್ನೆ.

ಪಾಲಿಶ್ ಎಂದರೆ ಕ್ಲಿಯರ್ ಕೋಟನ್ನೇ ಕೆಲವು ಮೈಕ್ರಾನ್‌ಗಳಷ್ಟು ಸವೆಸುವುದು. ಆದ್ದರಿಂದ ಬಣ್ಣದ ದಪ್ಪವನ್ನು ಅಳೆಯುವ ಸಾಧನ ಅಂಗಡಿಯಲ್ಲಿದೆಯೇ ಎಂದು ವಿಚಾರಿಸಬೇಕು. ಹಿಂದೆಯೇ ಹಲವು ಬಾರಿ ಪಾಲಿಶ್ ಆದ ಹಳೆಯ ಕಾರಿನಲ್ಲಿ ಸವೆಸಲು ಹೆಚ್ಚೇನೂ ಉಳಿದಿರುವುದಿಲ್ಲ. ಅಪಘಾತದ ಬಳಿಕ ಯಾವುದಾದರೂ ಭಾಗಕ್ಕೆ ಹೊಸದಾಗಿ ಬಣ್ಣ ಹೊಡೆಸಿದ್ದರೆ ಅದು ಪೂರ್ತಿ ಒಣಗಿ ಗಟ್ಟಿಯಾಗಲು ಎಷ್ಟು ವಾರ ಬೇಕೆಂಬುದನ್ನು ಬಣ್ಣ ಹೊಡೆದವರಿಂದಲೇ ತಿಳಿದು, ಆಮೇಲಷ್ಟೇ ಕೋಟಿಂಗ್ ಮಾಡಿಸಬೇಕು.

ಕಾಲದ ಆಯ್ಕೆಯೂ ಮುಖ್ಯ. ಕೋಟಿಂಗ್ ಹಚ್ಚಿದ ಮೊದಲ ದಿನ ಕಾರಿಗೆ ನೀರು ತಾಗಬಾರದು. ಸುಮಾರು ಒಂದು ವಾರ ಸೋಪು ಹಾಕಿ ತೊಳೆಯಬಾರದು. ಗಾಳಿಯಲ್ಲಿ ತೇವ ತುಂಬಿರುವಾಗ ದ್ರವವು ಬೇಗನೆ ಬಿಗಿದು, ಸರಿಯಾಗಿ ಒರೆಸದ ಕಡೆ ಕಪ್ಪನೆಯ ಪಟ್ಟೆಗಳಾಗಿ ನಿಲ್ಲುವ ಅಪಾಯವಿದೆ. ಮುಚ್ಚಿದ, ದೂಳಿಲ್ಲದ ಕೋಣೆಯಿಲ್ಲದ ಅಂಗಡಿಯಲ್ಲಿ ಜುಲೈ ತಿಂಗಳಿನಲ್ಲಿ ಇದನ್ನು ಮಾಡಿಸುವುದು ವಿವೇಕವಲ್ಲ. ವಯನಾಡಿನವರಿಗೆ ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಒಣ ದಿನಗಳು ಅನುಕೂಲ.

ಖಾತರಿ ಪತ್ರವನ್ನು ಓದಿಯೇ ಸಹಿ

ಮೂರು ವರ್ಷ, ಐದು ವರ್ಷ ಎಂಬ ಖಾತರಿಯ ಹಿಂದೆ ಷರತ್ತುಗಳಿರುತ್ತವೆ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಅದೇ ಅಂಗಡಿಗೆ ಕಾರನ್ನು ಒಯ್ದು, ಹಣ ಕೊಟ್ಟು ನಿರ್ವಹಣೆ ಮಾಡಿಸದಿದ್ದರೆ ಖಾತರಿ ರದ್ದಾಗುವುದು ಸಾಮಾನ್ಯ. ಮೈಸೂರಿನಲ್ಲಿ ದರ ಕಡಿಮೆಯೆಂದು ಅಲ್ಲಿ ಮಾಡಿಸಿದವರು ಪ್ರತಿ ಬಾರಿಯೂ ಮುತ್ತಂಗ, ಬಂಡೀಪುರಗಳ ಹಾದಿಯಲ್ಲಿ ಹೋಗಿಬರಬೇಕು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಆ ಕಾಡುಹಾದಿಯಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧವಿರುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಂಧನ, ಸಮಯ, ನಿರ್ವಹಣಾ ಶುಲ್ಕ ಎಲ್ಲವನ್ನೂ ಕೂಡಿದಾಗ ಊರಿನ ಸಮೀಪದ ಅಂಗಡಿಯೇ ಅಗ್ಗವಾಗಬಹುದು.

ಈ ಪತ್ರಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಭಾಷೆ ತೊಡಕೆನಿಸಿದರೆ ಸಹಿ ಹಾಕುವ ಮೊದಲು ಮನೆಗೆ ತಂದು, ಬಲ್ಲವರಿಂದ ಓದಿಸಿ ಅರ್ಥಮಾಡಿಕೊಳ್ಳಲು ಸಂಕೋಚ ಬೇಡ. ಖಾತರಿ ಯಾವುದಕ್ಕೆ: ಹೊಳಪಿಗೋ, ನೀರು ಜಾರುವ ಗುಣಕ್ಕೋ, ಬಣ್ಣ ಮಾಸದಿರುವುದಕ್ಕೋ? ಕೋಟಿಂಗ್ ಸೋತರೆ ಹಣ ಮರಳಿಸುವರೋ, ಮತ್ತೆ ಹಚ್ಚುವರೋ? ಅಂಗಡಿ ಮುಚ್ಚಿದರೆ ಹೊಣೆ ಯಾರದು? ಉತ್ತರಗಳು ಬರಹದಲ್ಲಿರಲಿ. ಬಳಸಿದ ವಸ್ತುವಿನ ಹೆಸರು ಹಾಗೂ ಮಾಡಿದ ಕೆಲಸದ ವಿವರವಿರುವ ಜಿಎಸ್‌ಟಿ ಬಿಲ್ಲನ್ನು ಕೇಳಿ ಪಡೆಯಬೇಕು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಸೇವೆಯಲ್ಲಿ ಲೋಪವಾದರೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ನಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸುವ ಅವಕಾಶವನ್ನು ಈ ಕಾಯ್ದೆ ನೀಡಿದೆ. ಹಾಗಾಗಿ ಕೆಲಸ ಮೈಸೂರಿನಲ್ಲಿ ಆಗಿದ್ದರೂ ವಯನಾಡಿನವರು ಕಲ್ಪಟ್ಟದ ಆಯೋಗವನ್ನು ಸಮೀಪಿಸಬಹುದು. ಕೊಟ್ಟ ಹಣ ಐದು ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಹೊಸ ಕಾರಿನ ಬೆಲೆಯೊಡನೆ ಕೋಟಿಂಗನ್ನು ಸೇರಿಸಿಯೇ ಲೆಕ್ಕ ಹೇಳಿದರೆ, ಬೇಡವೆಂದು ತೆಗೆಸುವ ಹಕ್ಕು ಕೊಳ್ಳುವವರಿಗಿದೆ.

ಯಾರಿಗೆ ಬೇಕು, ಯಾರಿಗೆ ಬೇಡ?

ಹೊಸ ಕಾರು ಕೊಂಡು ಏಳೆಂಟು ವರ್ಷ ಇಟ್ಟುಕೊಳ್ಳುವವರು, ಬಯಲಿನಲ್ಲಿ ನಿಲ್ಲಿಸಬೇಕಾದವರು, ವಾರಕ್ಕೊಮ್ಮೆಯಾದರೂ ಸರಿಯಾಗಿ ತೊಳೆಯುವ ಅಭ್ಯಾಸವುಳ್ಳವರು ಮಧ್ಯಮ ದರ್ಜೆಯ ಕೋಟಿಂಗನ್ನು ಯೋಚಿಸಬಹುದು. ಒಂದೆರಡು ವರ್ಷಗಳಲ್ಲಿ ಮಾರುವ ಕಾರಿಗೆ ಇದು ವ್ಯರ್ಥ. ಹಾಕಿದ ಹಣ ಮರುಮಾರಾಟದಲ್ಲಿ ಮರಳುವ ಭರವಸೆಯಿಲ್ಲ. ಮೂರು ಲಕ್ಷ ಬೆಲೆಬಾಳುವ ಹಳೆಯ ಕಾರಿಗೆ ಇಪ್ಪತ್ತೈದು ಸಾವಿರ ಸುರಿಯುವುದೆಂದರೆ ಕಾರಿನ ಬೆಲೆಯ ಹನ್ನೆರಡನೆಯ ಒಂದು ಭಾಗವನ್ನು ಹೊಳಪಿಗಾಗಿ ಕೊಟ್ಟಂತೆ. ಅಂಥವರಿಗೆ ಕೆಲವು ತಿಂಗಳು ಬಾಳುವ ಸೀಲಂಟನ್ನೋ ಮೇಣವನ್ನೋ ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೊಮ್ಮೆ ಮನೆಯಲ್ಲೇ ಹಚ್ಚುವುದು ಸಾಕು.

ಮನೆಯಲ್ಲಿ ತೊಳೆಯುವಾಗ ಬಟ್ಟೆ ಒಗೆಯುವ ಪುಡಿಯ ಬದಲು ಕಾರಿನ ಶಾಂಪೂ, ಶಾಂಪೂ ನೀರಿಗೊಂದು ಹಾಗೂ ಬಟ್ಟೆ ಅಲುಬಲು ಇನ್ನೊಂದು ಬಕೆಟ್, ಮೊದಲು ಬರಿಯ ನೀರಿನಿಂದ ಕೆಸರನ್ನು ಇಳಿಸುವ ತಾಳ್ಮೆ, ಇಷ್ಟಿದ್ದರೆ ಕೋಟಿಂಗ್ ಇಲ್ಲದ ಬಣ್ಣವೂ ಬಹುಕಾಲ ಬಾಳುತ್ತದೆ. ತಗಡಿನ ಒಂದು ಮಾಡು ಬಿಸಿಲು, ಹಿಕ್ಕೆ, ಅಂಟು ಮೂರನ್ನೂ ಒಟ್ಟಿಗೇ ತಡೆಯುತ್ತದೆ.

ಕೊನೆಯದಾಗಿ ಆದ್ಯತೆಯ ಮಾತು. ಕಾರಿನ ಟೈರಿನ ಪಟ್ಟೆಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಿರಬಾರದೆಂಬುದು ನಿಯಮ. ಮಳೆಗಾಲದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಚುರವಿಳಿಯುವ ಕಾರಿಗೆ ಟೈರು, ಬ್ರೇಕು, ವೈಪರುಗಳು ಮೊದಲು. ಅವೆಲ್ಲ ಸರಿಯಾಗಿದ್ದು, ಮನೆಯ ಖರ್ಚಿಗೆ ತೊಂದರೆಯಾಗದಂತೆ ಹಣ ಮಿಕ್ಕಿದ್ದರೆ ಮಾತ್ರ ಕೋಟಿಂಗಿನ ಸರದಿ.