ಲಾಟರಿ ಅಣ್ಣನ ಗಾಡಿಗೆ ಲೈಸೆನ್ಸ್ ಬೇಕಾ?

ನಮ್ಮ ಶಾಲೆಯ ಗೇಟಿನಿಂದ ಬಸ್ ಸ್ಟಾಪಿಗೆ ಇಳಿಯುವ ದಾರಿ, ಕಾಸರಗೋಡಿನ ಹೆಚ್ಚಿನ ದಾರಿಗಳ ಹಾಗೆ, ಗುಡ್ಡೆಯ ಬದಿಯಲ್ಲೇ ಇದೆ. ಕಳೆದ ಮಳೆಗಾಲದಲ್ಲಿ ಒಂದು ಸಂಜೆ, ಬೆಲ್ ಹೊಡೆದು ಹತ್ತು ನಿಮಿಷ ಆಗಿರಬಹುದು, ಆ ದಾರಿಯ ತಿರುವಿನಲ್ಲಿ ಲಾಟರಿ ಅಣ್ಣನ ಬ್ಯಾಟರಿ ಗಾಡಿ ಮಗುಚಿತು. ಟಿಕೆಟುಗಳೆಲ್ಲ ಚರಂಡಿಯ ನೀರಲ್ಲಿ. ಅಣ್ಣನ ಹೆಗಲಿನ ಎಲುಬು ಬಿರುಕು ಬಿಟ್ಟಿತ್ತು. ಪಕ್ಕದಲ್ಲಿ ನಡೆದು ಹೋಗುತ್ತಿದ್ದ ನಮ್ಮ ಒಂಬತ್ತನೆಯ ತರಗತಿಯ ಹುಡುಗನ ಪಾದದ ಮೇಲೆ ಗಾಡಿಯ ಭಾರ ಬಿದ್ದು, ಅವನಿಗೂ ಒಂದೂವರೆ ತಿಂಗಳು ಪ್ಲಾಸ್ಟರ್.

ಅಣ್ಣನಿಗೆ ಸಣ್ಣದಿರುವಾಗಲೇ ಪೋಲಿಯೋ ಬಂದು ಕಾಲುಗಳಲ್ಲಿ ಶಕ್ತಿ ಇಲ್ಲ. ಇಪ್ಪತ್ತು ವರ್ಷ ಕೈಯಲ್ಲಿ ತಿರುಗಿಸುವ ಟ್ರೈಸಿಕಲ್‌ನಲ್ಲೇ ಲಾಟರಿ ಮಾರಿದವರು. ಆಗ ಇಳಿಜಾರು ಬಂದರೆ ಹಿಂದಿನಿಂದ ಹಿಡಿದುಕೊಳ್ಳಲಿಕ್ಕೆ ಯಾರನ್ನಾದರೂ ಕರೆಯುತ್ತಿದ್ದರು. ನಮ್ಮ ಮಕ್ಕಳೇ ಹಿಡಿಯುತ್ತಿದ್ದದ್ದು. ಅಪಘಾತಕ್ಕೆ ಎರಡು ತಿಂಗಳ ಹಿಂದೆ ಒಂದು ಶಿಬಿರದಲ್ಲಿ ಬ್ಯಾಟರಿ ಗಾಡಿ ಸಿಕ್ಕಿತು. ಹೂಮಾಲೆ, ಫೋಟೋ, ಕೀಲಿಕೈ, ಚಾರ್ಜರ್. ಮತ್ತೆ ಮನೆಗೆ. ಓಡಿಸುವುದು ಹೇಗೆ ಎಂದು ಹೇಳಿದವರು ಯಾರೂ ಇಲ್ಲ.

ಹುಡುಗನ ಅಮ್ಮ ಬೀಡಿ ಕಟ್ಟುವವರು. ಆಸ್ಪತ್ರೆ ಖರ್ಚು ನಾನು ಕೊಡ್ತೇನೆ ಎಂದು ಅಣ್ಣ, ನಿಮ್ಮ ಹೆಗಲೇ ಮುರಿದಿದೆ, ಬೇಡ ಎಂದು ಅಮ್ಮ. ಕೊನೆಗೆ ಇಬ್ಬರೂ ಸಾಲ ಮಾಡಿ ಅರ್ಧರ್ಧ ಕೊಟ್ಟರು. ಮರುದಿನ ತರಗತಿಯಲ್ಲಿ ಪಾಠ ನಡೆಯಲಿಲ್ಲ. “ಅವರಿಗೆ ಲೈಸೆನ್ಸ್ ಇಲ್ವಾ ಸರ್? ಇನ್ಶೂರೆನ್ಸ್ ಇಲ್ವಾ?” ಎಂದು ಒಬ್ಬ ಕೇಳಿದ. ಹಿಂದಿನ ಬೆಂಚಿನ ಹುಡುಗಿ ಎದ್ದು, “ಅದು ಅವರ ಕಾಲು. ನಿನಗೆ ನಡೀಲಿಕ್ಕೆ ಲೈಸೆನ್ಸ್ ಉಂಟಾ?” ಎಂದಳು. ಇಬ್ಬರು ಹೇಳಿದ್ದರಲ್ಲೂ ವಿಷಯ ಇದೆ. ಸ್ವಲ್ಪ ಲೆಕ್ಕ ಮಾಡಿ ನೋಡೋಣ ಅಂದೆ.

ಮೊದಲು ಕಾನೂನು. ಸ್ಕೂಟರಿಗೆ ಹಿಂದೆ ಎರಡು ಹೆಚ್ಚಿನ ಚಕ್ರ ಕೂರಿಸಿಕೊಂಡು ಓಡಿಸುವವರನ್ನು ನೀವು ನೋಡಿರುತ್ತೀರಿ. ಅದು ಮೋಟಾರು ವಾಹನವೇ. ನೋಂದಣಿ, ಲೈಸೆನ್ಸ್, ಮೂರನೆಯ ವ್ಯಕ್ತಿಗೆ ಆಗುವ ಹಾನಿಯ ವಿಮೆ, ಎಲ್ಲವೂ ಕಡ್ಡಾಯ. ಬ್ಯಾಟರಿ ಗಾಡಿಗಳ ಸಂಗತಿ ಬೇರೆ. ಮೋಟಾರಿನ ಸಾಮರ್ಥ್ಯ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಮೀರಬಾರದು, ಹೀಗೆ ಕೆಲವು ಶರತ್ತುಗಳನ್ನು ಪೂರೈಸಿ ಪರೀಕ್ಷೆಯಲ್ಲಿ ಪಾಸಾದ ಗಾಡಿ ನಮ್ಮ ದೇಶದ ನಿಯಮದಲ್ಲಿ ಮೋಟಾರು ವಾಹನವೇ ಅಲ್ಲ. ಹಾಗಾಗಿ ಅದಕ್ಕೆ ಲೈಸೆನ್ಸೂ ಬೇಡ, ವಿಮೆಯೂ ಬೇಡ. ಅಣ್ಣನ ಗಾಡಿ ಈ ಗುಂಪಿನದು.

ಈ ನಿಯಮದಲ್ಲಿ ಅರ್ಥ ಇದೆಯಾ? ಗಾಡಿ, ಬ್ಯಾಟರಿ, ಅಣ್ಣ ಎಲ್ಲ ಸೇರಿ 150 ಕೆ.ಜಿ. ಎಂದಿಟ್ಟುಕೊಳ್ಳಿ. ವೇಗ ಗಂಟೆಗೆ 12 ಕಿ.ಮೀ., ಅಂದರೆ ಸೆಕೆಂಡಿಗೆ 3.3 ಮೀಟರ್. ಚಲನ ಶಕ್ತಿ ಎಂದರೆ ರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸುವುದು. ಸುಮಾರು 830 ಜೂಲ್ ಬರುತ್ತದೆ. 50 ಕೆ.ಜಿ.ಯ ಒಬ್ಬರು ಗಂಟೆಗೆ 5 ಕಿ.ಮೀ. ವೇಗದಲ್ಲಿ ನಡೆದರೆ 48 ಜೂಲ್. ಸವಾರನೂ ಸೇರಿ 200 ಕೆ.ಜಿ.ಯ ಬೈಕು 50 ಕಿ.ಮೀ. ವೇಗದಲ್ಲಿ ಬಂದರೆ 19,000 ಜೂಲ್‌ಗಿಂತ ಹೆಚ್ಚು. ಅಂದರೆ ಅಣ್ಣನ ಗಾಡಿ ನಡೆಯುವವರ ಹದಿನೇಳು ಪಟ್ಟು, ಬೈಕು ಅಣ್ಣನ ಗಾಡಿಯ ಇಪ್ಪತ್ತಮೂರು ಪಟ್ಟು. ಹಿಂದಿನ ಬೆಂಚಿನವಳ ಮಾತೂ ಪೂರ್ತಿ ಸರಿಯಲ್ಲ, ಮುಂದಿನ ಬೆಂಚಿನವನದ್ದೂ ಅಲ್ಲ. ಗಾಡಿ ನಡುವೆ ಎಲ್ಲೋ ನಿಂತಿದೆ.

ಆದರೆ ಇದು ಸಪಾಟು ರಸ್ತೆಯ ಲೆಕ್ಕ. ನಮ್ಮಲ್ಲಿ ಸಪಾಟು ರಸ್ತೆ ಎಲ್ಲಿದೆ ಮಾರಾಯರೇ?

ಮಕ್ಕಳು ಕೋನಮಾಪಕಕ್ಕೆ ನೂಲು ಕಟ್ಟಿ, ನೂಲಿಗೆ ಕಲ್ಲು ಕಟ್ಟಿ, ಶಾಲೆಯ ಇಳಿಜಾರನ್ನು ಅಳೆದರು. 9 ಡಿಗ್ರಿ. ಉದ್ದ 65 ಮೀಟರ್. ಅಂದರೆ ಗೇಟಿಗೂ ಬಸ್ ಸ್ಟಾಪಿಗೂ ಸುಮಾರು 10 ಮೀಟರ್ ಎತ್ತರದ ವ್ಯತ್ಯಾಸ. ಹತ್ತುವಾಗ 250 ವ್ಯಾಟ್ ಮೋಟಾರು ತನ್ನ ಶಕ್ತಿಯನ್ನೆಲ್ಲ ಹಾಕಿದರೂ ಗಂಟೆಗೆ 4 ಕಿ.ಮೀ. ಕೂಡ ಸಿಗುವುದಿಲ್ಲ, ನಡೆಯುವವರೇ ಮುಂದೆ ಹೋಗುತ್ತಾರೆ. ಇಳಿಯುವಾಗ? 10 ಮೀಟರ್ ಎತ್ತರದಲ್ಲಿರುವ 150 ಕೆ.ಜಿ.ಗೆ 14,700 ಜೂಲ್ ಪ್ರಚ್ಛನ್ನ ಶಕ್ತಿ ಇದೆ. ಬ್ರೇಕ್ ಹಿಡಿಯದೆ, ಘರ್ಷಣೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ನೋಡಿದರೆ ಕೆಳಗೆ ತಲುಪುವಾಗ ವೇಗ ಗಂಟೆಗೆ 50 ಕಿ.ಮೀ. ಬೈಕಿನ ವೇಗವೇ ಆಯಿತಲ್ಲ! ನಿಜವಾದ ರಸ್ತೆಯಲ್ಲಿ ಅಷ್ಟು ಆಗುವುದಿಲ್ಲ, ಆದರೆ ವಿಷಯ ಗೊತ್ತಾಯಿತಷ್ಟೆ. ನಿಯಮ ಮೋಟಾರಿನ ವ್ಯಾಟ್ ಎಣಿಸುತ್ತದೆ, ಗುಡ್ಡೆಯ ವ್ಯಾಟ್ ಎಣಿಸುವುದಿಲ್ಲ.

ಇನ್ನು ಮಗುಚಿದ್ದು ಯಾಕೆ? ಗಾಡಿ ರಿಪೇರಿಯಾಗಿ ಬಂದ ಮೇಲೆ ಅಣ್ಣನ ಒಪ್ಪಿಗೆ ಕೇಳಿ ಟೇಪು ಹಿಡಿದೆವು. ಹಿಂದಿನ ಎರಡು ಚಕ್ರಗಳ ನಡುವೆ 60 ಸೆಂ.ಮೀ. ಹಿಂದಿನ ಅಚ್ಚಿನಿಂದ ಮುಂದಿನ ಚಕ್ರಕ್ಕೆ ಒಂದು ಮೀಟರ್. ಅಣ್ಣ ಕೂತಾಗ ಗುರುತ್ವ ಕೇಂದ್ರ ನೆಲದಿಂದ 60 ಸೆಂ.ಮೀ. ಮೇಲೆ, ಹಿಂದಿನ ಅಚ್ಚಿನಿಂದ 40 ಸೆಂ.ಮೀ. ಮುಂದೆ ಎಂದು ಅಂದಾಜು ಮಾಡಿದೆವು. ಗ್ರಾಫ್ ಹಾಳೆಯಲ್ಲಿ ಮೂರು ಚಕ್ರಗಳನ್ನು ಮೂರು ಚುಕ್ಕಿಗಳಾಗಿ ಗುರುತು ಮಾಡಿ ಗೆರೆ ಎಳೆಯಿರಿ, ತ್ರಿಕೋನ ಬರುತ್ತದೆ. ಗುರುತ್ವ ಕೇಂದ್ರದಿಂದ ತ್ರಿಕೋನದ ಪಕ್ಕದ ಬಾಹುವಿಗೆ ಎಷ್ಟು ದೂರ? ಬರೀ 17 ಸೆಂ.ಮೀ. ನಾಲ್ಕು ಚಕ್ರ ಇದ್ದಿದ್ದರೆ 30 ಸೆಂ.ಮೀ. ಇರುತ್ತಿತ್ತು. ಮೂರು ಮೀಟರ್ ತ್ರಿಜ್ಯದ ತಿರುವಿನಲ್ಲಿ ಈ ಗಾಡಿ ಗಂಟೆಗೆ ಸುಮಾರು 10 ಕಿ.ಮೀ. ವೇಗಕ್ಕೇ ಒಳಬದಿಯ ಚಕ್ರ ಎತ್ತಲು ಶುರು ಮಾಡುತ್ತದೆ. ರಸ್ತೆ ಹೊರಗಡೆಗೆ 5 ಡಿಗ್ರಿ ವಾಲಿದ್ದರೆ ಎಂಟೂವರೆ ಕಿ.ಮೀ. ಸಾಕು.

ಇನ್ನೂ ಒಂದು ಸಂಗತಿ ಇದೆ, ನನಗೂ ಚಿತ್ರ ಬರೆಯುವ ತನಕ ಹೊಳೆದಿರಲಿಲ್ಲ. ತ್ರಿಕೋನ ಮುಂದೆ ಹೋದ ಹಾಗೆ ಕಿರಿದಾಗುತ್ತದೆ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುತ್ತದೆ, ಅಂದರೆ ಆ ಕಿರಿದಾದ ಕಡೆಗೆ. ಇಳಿಜಾರಿನಲ್ಲಿ ಅದು ಮೊದಲೇ ಮುಂದಕ್ಕೆ ವಾಲಿರುತ್ತದೆ. ಹಾಗಾಗಿ ತಿರುವಿನ ಮಧ್ಯದಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿಯುವುದೆಂದರೆ ಮಗುಚಲಿಕ್ಕೆ ಕರೆ ಕೊಟ್ಟ ಹಾಗೆ. ಹೆದರಿದ ಮನುಷ್ಯ ಮಾಡುವುದು ಅದನ್ನೇ. ಅಣ್ಣನೂ ಅದನ್ನೇ ಮಾಡಿದ್ದು. ತಿರುವಿಗೆ ಮೊದಲೇ ನಿಧಾನ ಮಾಡಬೇಕು, ಮೈಯನ್ನು ಒಳಬದಿಗೆ ವಾಲಿಸಬೇಕು. ಬರೀ ಮೇಲ್ಮೈ 15 ಸೆಂ.ಮೀ. ವಾಲಿಸಿದರೂ ಆ 17 ಸೆಂ.ಮೀ. ಹೆಚ್ಚುಕಡಿಮೆ 20 ಆಗುತ್ತದೆ. ಇಷ್ಟು ಹೇಳಿಕೊಡಲಿಕ್ಕೆ, ಎರಡು ಸಲ ಮಾಡಿಸಲಿಕ್ಕೆ ಅರ್ಧ ಗಂಟೆ ಬೇಕಾ?

“ಬೇರೆ ದೇಶದಲ್ಲಿ ಹೇಗೆ ಸರ್?” ಎಂದು ಕೇಳಿದರು. ಬ್ರಿಟನ್ನಿನಲ್ಲಿ ವಯಸ್ಸಾದವರು, ನಡೆಯಲಾಗದವರು ಓಡಿಸುವ ಬ್ಯಾಟರಿ ಗಾಡಿಗೆ ಮೊಬಿಲಿಟಿ ಸ್ಕೂಟರ್ ಎನ್ನುತ್ತಾರೆ. ಅಲ್ಲಿ ಎರಡು ವರ್ಗ. ಗಂಟೆಗೆ ನಾಲ್ಕು ಮೈಲಿ, ಅಂದರೆ 6.4 ಕಿ.ಮೀ. ಹೋಗುವವು ಕಾಲುದಾರಿಗೆ. ಎಂಟು ಮೈಲಿಯವು ರಸ್ತೆಗೂ ಇಳಿಯಬಹುದು, ಆದರೆ ಕಾಲುದಾರಿಯಲ್ಲಿ ನಾಲ್ಕೇ ಮೈಲಿ. ಈ ಎರಡನೆಯದನ್ನು ನೋಂದಾಯಿಸಬೇಕು, ಓಡಿಸುವವರಿಗೆ 14 ವರ್ಷ ಆಗಿರಬೇಕು. ಅಲ್ಲೂ ಲೈಸೆನ್ಸ್ ಬೇಡ. ವಿಮೆ ಮಾಡಿಸಿದರೆ ಒಳ್ಳೆಯದು ಎಂದು ಸರಕಾರ ಹೇಳುತ್ತದೆ, ಕಡ್ಡಾಯ ಅಲ್ಲ. ಕಣ್ಣಿನ ಪರೀಕ್ಷೆಯೂ ಕಡ್ಡಾಯ ಅಲ್ಲ, ಆದರೆ 12.3 ಮೀಟರ್ ದೂರದಿಂದ ಕಾರಿನ ನಂಬರ್ ಓದಲು ಬರಬೇಕು ಎಂಬ ಸಲಹೆ ಇದೆ. ಅಂಗಳದಲ್ಲಿ ಅಳೆದು ನೋಡಿ, ನಿಮ್ಮ ಅಜ್ಜನಿಗೂ ಓದಿಸಿ ನೋಡಿ. ಎಲ್ಲರಿಗೂ ಕಡ್ಡಾಯ ತರಬೇತಿ ಮತ್ತು ವಿಮೆ ಬೇಕು ಎನ್ನುವವರು ಅಲ್ಲಿಯೂ ಇದ್ದಾರೆ, ಹಾಗೆ ಮಾಡಿದರೆ ಎಷ್ಟೋ ಜನ ಮತ್ತೆ ಮನೆಯ ಮೂಲೆ ಸೇರುತ್ತಾರೆ ಎನ್ನುವವರೂ ಇದ್ದಾರೆ.

ನನಗೆ ಲೈಸೆನ್ಸಿನ ಮಾತು ಒಪ್ಪಿಗೆಯಿಲ್ಲ. ಟೆಸ್ಟಿಗೆ ಹೋಗಲು ಬಸ್ಸು ಹತ್ತಲಾಗದವರಿಗೇ ಈ ಗಾಡಿ ಕೊಡುವುದು. ಆದರೆ ತರಬೇತಿ ಇರಲೇಬೇಕು, ಮತ್ತು ಅದು ಗಾಡಿ ಪಡೆಯುವವರ ತಲೆಯ ಮೇಲಲ್ಲ, ಕೊಡುವವರ ತಲೆಯ ಮೇಲೆ. ಕೀಲಿಕೈ ಕೊಡುವ ಮೊದಲು ಇಳಿಜಾರು, ತಿರುವು, ಬ್ರೇಕ್ ಕಲಿಸಿರಬೇಕು. ಕಲಿಸದೆ ಕೊಡುವ ಹಾಗಿಲ್ಲ ಎಂದಾದರೆ ಫೋಟೋ ತೆಗೆಯುವುದು ಸ್ವಲ್ಪ ತಡವಾಗಬಹುದು, ಆಗಲಿ.

ವಿಮೆಯ ವಿಷಯದಲ್ಲಿ ನಾನು ಸ್ವಲ್ಪ ದಿನ ಆಚೆ ಈಚೆ ಯೋಚಿಸಿದ್ದುಂಟು. ಕಾರೊಂದು ಅಣ್ಣನಿಗೆ ಗುದ್ದಿದರೆ ಕಾರಿನ ವಿಮೆಯಿಂದ ಪರಿಹಾರ ಕೇಳಬಹುದು, ಮೋಟಾರು ಅಪಘಾತಗಳ ನ್ಯಾಯಮಂಡಳಿ ಇದೆ. ಅಣ್ಣನ ಗಾಡಿ ನಮ್ಮ ಹುಡುಗನ ಪಾದದ ಮೇಲೆ ಬಿದ್ದರೆ ಆ ಬಾಗಿಲು ಇಲ್ಲ. ಯಾಕೆಂದರೆ ಅದು ಮೋಟಾರು ವಾಹನ ಅಲ್ಲ. ಸಣ್ಣ ಗಾಡಿ, ಸಣ್ಣ ಅಪಾಯ, ಬಿಡಿ ಅನ್ನಬಹುದು. ಆದರೆ ಬೀಡಿ ಕಟ್ಟುವ ಮನೆಗೆ ಸಣ್ಣ ಬಿಲ್ಲು ಎಂಬುದೊಂದಿಲ್ಲ. ವಿಮೆ ಎಂದರೆ ತುಂಬಾ ಜನ ಸ್ವಲ್ಪ ಸ್ವಲ್ಪ ಹಾಕಿ, ಯಾರೋ ಒಬ್ಬರ ಮೇಲೆ ಬೀಳುವ ಹೊರೆಯನ್ನು ಹಂಚಿಕೊಳ್ಳುವುದು. ಮೇಲಿನ ಜೂಲ್ ಲೆಕ್ಕ ನೋಡಿದರೆ ಈ ಗಾಡಿಯ ಕಂತು ಬೈಕಿನ ಕಂತಿನ ಹತ್ತಿರವೂ ಬರಬೇಕಾಗಿಲ್ಲ. ಗಾಡಿಯ ಬೆಲೆಯ ಜೊತೆಗೇ ಯೋಜನೆಯವರೇ ಅದನ್ನು ತುಂಬಲಿ. ಲಾಟರಿ ಮಾರುವವರ ಜೇಬಿನಿಂದ ವರ್ಷ ವರ್ಷ ಕೇಳಿ, ಕಟ್ಟದಿದ್ದರೆ ದಂಡ ಹಾಕುವ ಹಾಗಾದರೆ ನನಗೆ ಅದು ಬೇಡ. ನಮ್ಮ ಹಿಂದಿನ ಬೆಂಚಿನವಳು ಇದಕ್ಕೂ ಪೂರ್ತಿ ಒಪ್ಪಿಲ್ಲ. “ಅವರಿಗೆ ಮಾತ್ರ ಯಾಕೆ? ಸೈಕಲಿನವರು ಗುದ್ದಿದರೆ?” ಎನ್ನುತ್ತಾಳೆ. ಉತ್ತರ ನೀವೇ ಬರೆದು ಕಳಿಸಿ.

ಅಣ್ಣನಿಗೆ ಗ್ರಾಫ್ ಹಾಳೆ ತೋರಿಸಿದಾಗ ತುಂಬ ಹೊತ್ತು ನೋಡಿದರು. ಒಂದು ಭಾನುವಾರ ಮಕ್ಕಳು ಆಟದ ಮೈದಾನದಲ್ಲಿ ಸುಣ್ಣದಲ್ಲಿ ಗೆರೆ ಎಳೆದು ಕೊಟ್ಟರು, ಅಣ್ಣ ಹದಿನೈದು ಸಲ ತಿರುಗಿಸಿ ಅಭ್ಯಾಸ ಮಾಡಿದರು. ಈಗ ಸಂಜೆ ಇಳಿಯುವಾಗ ತಿರುವಿಗೆ ಮೊದಲು ಹಲಸಿನ ಮರದ ಕೆಳಗೆ ಪೂರ್ತಿ ನಿಲ್ಲಿಸಿ, ಆಮೇಲೆ ಮೈ ಒಳಗೆ ವಾಲಿಸಿ ಮೆಲ್ಲ ತಿರುಗಿಸುತ್ತಾರೆ. ನಿಂತದ್ದಕ್ಕೆ ಅಲ್ಲಿ ಎರಡು ಟಿಕೆಟ್ ಹೆಚ್ಚಿಗೆ ಹೋಗುತ್ತದಂತೆ.