ಮನೆಯೇ ಪಾಠಶಾಲೆಯಾಗಬಹುದೇ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಂಥ ಊರುಗಳಲ್ಲಿ ಹದಿನೈದರ ಮಗನೋ ಮಗಳೋ ‘ಶಾಲೆ ಬಿಟ್ಟು ಮನೆಯಲ್ಲಿಯೇ ಓದುವೆನು’ ಎಂದರೆ ತಂದೆತಾಯಿಗಳ ಎದೆ ಧಸಕ್ಕೆನ್ನುವದು ಸಹಜವೇ. ಶಾಲೆಯೆಂದರೆ ಸರ್ಟಿಫಿಕೇಟು, ಸರ್ಟಿಫಿಕೇಟೆಂದರೆ ನೌಕರಿ ಎಂದು ತಲೆಮಾರುಗಳಿಂದ ನಂಬಿದವರು ನಾವು.

ಆದರೆ ಶಾಲೆಯನ್ನು ಬಿಡುವದೂ ವಿದ್ಯೆಯನ್ನು ಬಿಡುವದೂ ಒಂದೇ ಅಲ್ಲವೆಂಬುದು ಈ ನಾಡಿಗೆ ಹೊಸ ಮಾತಲ್ಲ. 1920ರ ಅಸಹಕಾರದ ಕರೆಗೆ ಓಗೊಟ್ಟು ಎಷ್ಟೋ ತರುಣರು, ಹಿರಿಯರ ಅಸಮಾಧಾನವನ್ನೂ ಎದುರಿಸಿ, ಸರಕಾರಿ ಶಾಲೆಗಳಿಂದ ಹೊರಬಿದ್ದರು. ಅಂಥವರಿಗಾಗಿ ರಾಷ್ಟ್ರೀಯ ಶಾಲೆಗಳು ತಲೆಯೆತ್ತಿದವು. ಇಂದಿನ ದಾರಿ ಅದಕ್ಕಿಂತ ಸುಗಮವಾದುದು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು 6ರಿಂದ 14 ವಯಸ್ಸಿನ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣವನ್ನು ವಿಧಿಸಿದೆ. 14 ತುಂಬಿದವರು 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹೆಸರು ನೋಂದಿಸಿ, ಮನೆಯಲ್ಲಿ ಓದಿಯೇ ಹತ್ತನೆಯ ತರಗತಿಯ ಪರೀಕ್ಷೆಗೆ ಕೂಡ್ರಬಹುದು. ಸರ್ಟಿಫಿಕೇಟಿನ ಚಿಂತೆಗೆ ಇದೇ ಉತ್ತರ.

ಆದರೂ ಒಂದು ಭಯ ನಮ್ಮನ್ನು ಬಿಡದು. ಮನೆಯಲ್ಲಿ ಓದಲೆಂದು ಮಗಳ ಶಾಲೆ ಬಿಡಿಸಿ, ಒಲೆಯ ಮುಂದೆ ಕೂಡ್ರಿಸಿ, 18 ತುಂಬುವ ಮೊದಲೇ ಅಕ್ಷತೆ ಹಾಕಿದರೆ ಅದು ಶಿಕ್ಷಣವಲ್ಲ, ವಂಚನೆ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿದ್ದು 1829ರಲ್ಲಿ ತೀರಿಕೊಂಡ ರಾಣಿ ಚೆನ್ನಮ್ಮನ ಸೀಮೆಯಲ್ಲಿ ಮಗಳಿಗೆ ಮನೆಯೇ ಸೆರೆಯಾಗಬಾರದು.

ಆದುದರಿಂದ ಕೇಳುವ ಮಕ್ಕಳು ಹಟ ಹಿಡಿಯದೆ, ದಿನದ ವೇಳಾಪಟ್ಟಿ, ಪುಸ್ತಕಗಳ ಯಾದಿ, ಕಲಿಸುವವರ ಹೆಸರು, ಪರೀಕ್ಷೆಯ ಕಾಲ ಇವನ್ನು ಬರೆದು ಹಿರಿಯರ ಮುಂದಿಡಲಿ. ತಂದೆತಾಯಿಗಳು ಗದರಿಸದೆ ಓದಿನೋಡಿ, ಬೇಸಿಗೆಯ ಸೂಟಿಯಲ್ಲಿ ಒಮ್ಮೆ ಪರೀಕ್ಷಿಸಲಿ. ಬೇಡಿಕೆಯು ಮಗುವಿನದೇ ಆಗಿದ್ದು, ಓದು ನಿಜವಾಗಿಯೂ ನಡೆಯುವದಾದರೆ, ಒಪ್ಪಿಗೆ ಕೊಡಲು ಅಂಜಬೇಕಾದ ಕಾರಣ ನಮಗೆ ಕಾಣದು.