ಬಿಸಿಲಿನಿಂದ ಬೆಂದ ಮೈಗೆ ಮನೆಯ ಉಪಚಾರ

ಮಾಡಗ್ಯಾಳವೆಂದೊಡನೆ ದೂರದ ಜನರಿಗೆ ಮೊದಲು ನೆನಪಾಗುವದು ಇಲ್ಲಿಯ ಕುರಿ. ನಮಗಾದರೋ ಕುರಿಯ ಜೊತೆಗೆ ಬಿಸಿಲೂ ನೆನಪಾಗುವದು. ಜತ್ತ ತಾಲೂಕು ಮಳೆಯ ನೆರಳಿನ ಪ್ರದೇಶ. ಇಲ್ಲಿ ಮೋಡ ಕಡಿಮೆ, ಮರ ವಿರಳ, ಬಯಲು ಬಹಳ. ಬೇಸಿಗೆಯ ಸೂಟಿ ಬಂದೊಡನೆ ನಮ್ಮ ಮಕ್ಕಳು ಕುರಿಯ ಹಿಂದೆಯೋ ಹೊಲದ ಕೆಲಸಕ್ಕೋ ಆಟಕ್ಕೋ ಹೊರಟು ದಿನವಿಡೀ ಬಯಲಲ್ಲಿರುವರು. ಸಂಜೆಗೆ ಮನೆಗೆ ಬಂದ ಮೇಲೆ ಕುತ್ತಿಗೆ, ಹೆಗಲು, ಮೂಗುಗಳು ಉರಿಯತೊಡಗಿ, ಅಂಗಿ ತಾಗಿದರೂ ಸಹಿಸಲಾರರು. ಇಂಥ ಸಮಯದಲ್ಲಿ ಮನೆಯವರು ಮಾಡತಕ್ಕದ್ದೇನು, ಮಾಡಬಾರದ್ದೇನು ಎಂಬುದನ್ನು ವಿದ್ಯಾರ್ಥಿಗಳಿಗೂ ಪಾಲಕರಿಗೂ ತಿಳಿಸುವದೇ ಈ ಲೇಖನದ ಉದ್ದೇಶವಾಗಿದೆ.

ಮೊದಲು ಕಾರಣವನ್ನು ತಿಳಿಯೋಣ. ಮೈಯನ್ನು ಸುಡುವದು ಬಿಸಿಲಿನ ಕಾವೆಂದು ನಾವು ಭಾವಿಸುತ್ತೇವೆ, ಅದು ನಿಜವಲ್ಲ. 1801ರಲ್ಲಿ ಜರ್ಮನಿಯ ಯೋಹಾನ್ ರಿಟರ್ ಎಂಬ ವಿಜ್ಞಾನಿಯು ಸೂರ್ಯನ ಬೆಳಕನ್ನು ಏಳು ಬಣ್ಣಗಳಾಗಿ ಒಡೆದು, ನೇರಳೆ ಬಣ್ಣದ ಆಚೆಗೆ, ಕಣ್ಣಿಗೆ ಏನೂ ಕಾಣದ ಎಡೆಯಲ್ಲಿ, ಬೆಳ್ಳಿಯ ಲವಣವು ಬೇಗನೆ ಕಪ್ಪಾಗುವದನ್ನು ಕಂಡನು. ಆ ಕಾಣದ ಬೆಳಕೇ ನೇರಳಾತೀತ ಕಿರಣ. ಚರ್ಮದ ಜೀವಕೋಶಗಳನ್ನು ಕೆಡಿಸುವದು ಇದೇ. ಕಾವು ಕೂಡಲೆ ತಿಳಿಯುವದು, ಈ ಕಿರಣದ ಪೆಟ್ಟು ತಿಳಿಯುವದಿಲ್ಲ. ಬಿಸಿಲಲ್ಲಿದ್ದ ಕೆಲವು ತಾಸುಗಳ ನಂತರ ಉರಿ ಮೊದಲಾಗಿ, 12ರಿಂದ 24 ತಾಸಿನೊಳಗೆ ಹೆಚ್ಚುವದು. ಆದುದರಿಂದಲೇ ಮಧ್ಯಾಹ್ನ ನಗುತ್ತಿದ್ದ ಮಗು ರಾತ್ರಿ ಅಳುವದು. ತಂಪುಗಾಳಿ ಬೀಸುವಾಗಲೂ ತೆಳುಮೋಡ ಕವಿದಾಗಲೂ ಮೈ ಸುಡಬಲ್ಲದೆಂಬುದನ್ನು ಮರೆಯಬಾರದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡುವದು ಅವಶ್ಯ. "ನಮ್ಮದು ಕಪ್ಪು ಮೈ, ಬಿಸಿಲು ಏನು ಮಾಡೀತು?" ಎಂದು ಹಿರಿಯರು ಹೇಳುವದುಂಟು. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವು ಬಿಸಿಲನ್ನು ಬಹುಮಟ್ಟಿಗೆ ತಡೆಯುವದು ನಿಜ, ಪೂರ್ಣ ತಡೆಯಲಾರದು. ಬಿಳಿಯ ಮೈ ಸುಟ್ಟರೆ ಕೆಂಪಾಗಿ ಎದ್ದು ಕಾಣುವದು. ಕಪ್ಪು ಮೈ ಸುಟ್ಟರೆ ಕೆಂಪು ಕಾಣದೆ, ಮುಟ್ಟಿದಾಗ ಬಿಸಿ, ಬಿಗುವು, ನೋವು ಮಾತ್ರ ಇರುವದು. ಆದಕಾರಣ ಕಣ್ಣಿಗೆ ಕಾಣಲಿಲ್ಲವೆಂದು ಮಗುವಿನ ಮಾತನ್ನು ಅಲಕ್ಷಿಸದೆ, ಅಂಗೈಯ ಹಿಂಭಾಗದಿಂದ ಮುಟ್ಟಿ ನೋಡಬೇಕು. ತೊನ್ನಿನ ಕಲೆಗಳಲ್ಲಿ ಈ ಮೆಲನಿನ್ ಇಲ್ಲವಾದುದರಿಂದ ಅವು ಬಹು ಬೇಗ ಸುಡುವವು. ಅಂಥ ಸಹಪಾಠಿಯು ನಮ್ಮೊಡನಿದ್ದರೆ ಅವನಿಗೆ ನೆರಳಿನ ಸ್ಥಳವನ್ನು ಬಿಟ್ಟುಕೊಡುವದು ನಮ್ಮ ಧರ್ಮ. ತೊನ್ನು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ.

ಇನ್ನು ಉಪಚಾರ. ಉರಿ ತಿಳಿದೊಡನೆ ಮಗುವನ್ನು ನೆರಳಿಗೆ ಕರೆತಂದು, ಬಿಗಿಯಾದ ಅಂಗಿಯನ್ನು ತೆಗೆಯಬೇಕು. ಮಣ್ಣಿನ ಕೊಡದ ತಣ್ಣೀರಿನಲ್ಲಿ ಶುಭ್ರವಾದ ಹತ್ತಿಯ ಅರಿವೆಯನ್ನು ಅದ್ದಿ, ಹಿಂಡಿ, ಸುಟ್ಟ ಭಾಗದ ಮೇಲೆ 10ರಿಂದ 15 ನಿಮಿಷ ಇಡಬೇಕು. ಅರಿವೆ ಬೆಚ್ಚಗಾದಂತೆ ಮತ್ತೆ ಅದ್ದಬೇಕು. ದಿನಕ್ಕೆ ಮೂರು ನಾಲ್ಕು ಸಲ ಹೀಗೆ ಮಾಡಬಹುದು. ಸ್ನಾನವೂ ತಂಪುನೀರಿನಲ್ಲಿಯೇ ಆಗಲಿ. ಸುಟ್ಟ ಕಡೆಗೆ ಸಾಬೂನು ಬೇಡ, ತಿಕ್ಕುವದೂ ಬೇಡ. ಬರ್ಫವನ್ನು ನೇರವಾಗಿ ಇಡಬಾರದು. ಮೊದಲೇ ನೊಂದ ಚರ್ಮಕ್ಕೆ ಅದು ಮತ್ತೊಂದು ಪೆಟ್ಟಾಗುವದು.

ನೀರನ್ನು ಒತ್ತಿ ಒರೆಸಿದ ಬಳಿಕ, ಚರ್ಮವು ಇನ್ನೂ ತುಸು ಹಸಿಯಾಗಿರುವಾಗಲೇ ಲೋಳಸರದ ತಿರುಳನ್ನು ಸವರಬಹುದು. ಎಲೆಯನ್ನು ಕೊಯ್ದೊಡನೆ ಹಳದಿಯ ರಸ ಸುರಿಯುವದು. ಅದು ಕೆಲವರಿಗೆ ತುರಿಕೆ ತರುವದರಿಂದ, ಎಲೆಯನ್ನು ಕೆಲಹೊತ್ತು ನಿಲ್ಲಿಸಿ ರಸವನ್ನು ಬಸಿಯಗೊಟ್ಟು, ತೊಳೆದು, ಒಳಗಿನ ಬಿಳಿಯ ತಿರುಳನ್ನಷ್ಟೇ ಉಪಯೋಗಿಸಬೇಕು. ಮೊದಲು ಸ್ವಲ್ಪ ಜಾಗಕ್ಕೆ ಹಚ್ಚಿ ನೋಡುವದು ಜಾಣತನ. ಬೊಬ್ಬೆ ಒಡೆದ ಕಡೆ ಇದನ್ನು ಹಚ್ಚಕೂಡದು.

ಸುಟ್ಟ ಮೈ ನೀರನ್ನು ಹೆಚ್ಚು ಕಳೆದುಕೊಳ್ಳುವದು. ನೀರು, ಮಜ್ಜಿಗೆ, ಅಂಬಲಿಗಳನ್ನು ಮೇಲಿಂದ ಮೇಲೆ ಕೊಡಬೇಕು. ನೋವು ಬಹಳವಿದ್ದರೆ ಪ್ಯಾರಾಸಿಟಮಾಲ್ ಔಷಧವನ್ನು ಮಗುವಿನ ತೂಕಕ್ಕೆ ತಕ್ಕ ಪ್ರಮಾಣದಲ್ಲಿ, ವೈದ್ಯರನ್ನು ಕೇಳಿ ಕೊಡಬಹುದು. ಆದರೆ ಮಕ್ಕಳಿಗೆ ಆಸ್ಪಿರಿನ್ ಕೊಡಕೂಡದು. ಅದರಿಂದ ಯಕೃತ್ತು ಮತ್ತು ಮೆದುಳಿಗೆ ಅಪಾಯವಾಗುವ ವಿರಳವಾದ ರೋಗವು ಬರುವ ಸಂಭವವುಂಟು.

ಮಾಡಬಾರದವುಗಳ ಪಟ್ಟಿಯೂ ಅಷ್ಟೇ ಮುಖ್ಯವಾದುದು. ತುಪ್ಪ, ಬೆಣ್ಣೆ, ಎಣ್ಣೆಗಳನ್ನು ಉರಿಯ ಮೇಲೆ ಬಳಿದರೆ ಒಳಗಿನ ಕಾವು ಹೊರಬೀಳದೆ ನಿಲ್ಲುವದು. ಹಲ್ಲಿನ ಪೇಸ್ಟು, ಬೂದಿ, ಸುಣ್ಣಗಳು ಗಾಯವನ್ನು ಕೆರಳಿಸುವವು. ಲಿಂಬೆಯ ರಸವಂತೂ ಬೇಡವೇ ಬೇಡ: ಅದು ಹತ್ತಿದ ಚರ್ಮದ ಮೇಲೆ ಮತ್ತೆ ಬಿಸಿಲು ಬಿದ್ದರೆ ಬೊಬ್ಬೆಗಳೆದ್ದು, ತಿಂಗಳುಗಟ್ಟಲೆ ಕಪ್ಪು ಕಲೆಯುಳಿಯುವದು. ಬೊಬ್ಬೆಗಳನ್ನು ಸೂಜಿಯಿಂದ ಚುಚ್ಚಬಾರದು. ಬೊಬ್ಬೆಯ ಮೇಲಿನ ಪೊರೆಯು ನಿಸರ್ಗವೇ ಕಟ್ಟಿದ ಪಟ್ಟಿ. ಅದು ಹರಿದರೆ ಹೊಲಸು ಒಳಸೇರಿ ಕೀವಾಗುವದು. ತಾನಾಗಿ ಒಡೆದರೆ ಶುದ್ಧ ನೀರಿನಿಂದ ತೊಳೆದು ಶುಭ್ರ ಅರಿವೆಯಿಂದ ಸಡಿಲಾಗಿ ಮುಚ್ಚಬೇಕು. ಕೆಲವು ದಿನಗಳಲ್ಲಿ ಚರ್ಮವು ಸುಲಿಯತೊಡಗುವದು; ಅದನ್ನು ಕಿತ್ತು ತೆಗೆಯಬಾರದು.

ಮನೆಯ ಮದ್ದಿಗೂ ಮಿತಿಯುಂಟು. ಒಂದು ವರ್ಷದೊಳಗಿನ ಕೂಸಿನ ಮೈ ಸುಟ್ಟಿದ್ದರೆ, ಬೊಬ್ಬೆಗಳು ಬಹುಭಾಗವನ್ನು ಆವರಿಸಿದ್ದರೆ, ಜ್ವರ, ಚಳಿ, ವಾಂತಿಗಳಿದ್ದರೆ, ಕೀವು ಕಂಡರೆ, ಕಣ್ಣು ನೋಯುತ್ತಿದ್ದರೆ ತಡಮಾಡದೆ ದವಾಖಾನೆಗೆ ಹೋಗಬೇಕು. ಮಗುವು ಅಸಂಬದ್ಧವಾಗಿ ಮಾತನಾಡಿದರೆ, ಎಚ್ಚರ ತಪ್ಪಿದರೆ, ಮೈ ಕಾದ ಹಂಚಿನಂತಿದ್ದರೆ ಅದು ಬರಿಯ ಚರ್ಮದ ಬೇನೆಯಲ್ಲ, ಬಿಸಿಲಿನ ಹೊಡೆತ. ಅದು ಪ್ರಾಣಾಂತಿಕ. ಕೂಡಲೆ ನೆರಳಿಗೆ ಒಯ್ದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತ, 108ಕ್ಕೆ ಕರೆ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ರೋಗಕ್ಕಿಂತ ಮೊದಲೇ ಎಚ್ಚರ ಲೇಸು. ಇದಕ್ಕೆ ವಿದ್ಯಾರ್ಥಿಗಳು ಸುಲಭವಾಗಿ ಬಳಸಬಹುದಾದ ಒಂದು ಅಳತೆಗೋಲುಂಟು: ಅದು ಅವರವರ ನೆರಳು. ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡಾಗಿದ್ದರೆ ಸುಡುವ ಕಿರಣಗಳು ಪ್ರಬಲವಾಗಿವೆಯೆಂದು ತಿಳಿಯಬೇಕು. ನಮ್ಮ ಊರು ಸುಮಾರು 17 ಅಂಶ ಉತ್ತರ ಅಕ್ಷಾಂಶದಲ್ಲಿರುವದರಿಂದ, ಮೇ ತಿಂಗಳ 2ನೆಯ ವಾರದ ಸುಮಾರಿಗೂ ಅಗಸ್ಟ ತಿಂಗಳ ಮೊದಲ ವಾರದ ಸುಮಾರಿಗೂ ಸೂರ್ಯನು ನೇರ ನೆತ್ತಿಯ ಮೇಲೆ ಬರುವನು. ಆಗ ಹನ್ನೆರಡೂವರೆಯ ಸುಮಾರಿಗೆ ನೆಟ್ಟ ಕೋಲಿಗೆ ನೆರಳೇ ಇರದು. ಮಕ್ಕಳು ಇದನ್ನು ಸ್ವತಃ ಪರೀಕ್ಷಿಸಿ ನೋಡಲಿ, ಆದರೆ ತಲೆಗೆ ರುಮಾಲು ಸುತ್ತಿಕೊಂಡು!

ನಡುಮಧ್ಯಾಹ್ನ ಬಯಲಲ್ಲಿ ನೆರಳು ಸಿಗದಾಗ ಕುರಿಗಳು ಒತ್ತೊತ್ತಾಗಿ ನಿಂತು, ಒಂದರ ಹೊಟ್ಟೆಯ ಕೆಳಗೆ ಒಂದು ತಲೆಯನ್ನು ಹುದುಗಿಸುವವು. ಮೂಕಪ್ರಾಣಿಗಳಿಗಿರುವ ಈ ವಿವೇಕ ನಮಗೂ ಇರಬೇಕು. ಹತ್ತರಿಂದ ನಾಲ್ಕರ ವರೆಗಿನ ಕೆಲಸವನ್ನು ಸಾಧ್ಯವಿದ್ದಷ್ಟು ಮುಂಜಾನೆಗೂ ಸಂಜೆಗೂ ಸರಿಸಬೇಕು. ತುಂಬುತೋಳಿನ ಹತ್ತಿಯ ಅಂಗಿ ತೊಡಬೇಕು. ಕಿವಿ, ಕುತ್ತಿಗೆಗಳು ಮುಚ್ಚುವಂತೆ ರುಮಾಲನ್ನೋ ಸೆರಗನ್ನೋ ಹೊದೆಯಬೇಕು. ನಮ್ಮ ಹಿರಿಯರ ದೊಡ್ಡ ರುಮಾಲು ಬರಿಯ ಅಲಂಕಾರಕ್ಕಾಗಿ ಹುಟ್ಟಿದುದಲ್ಲ. ಅಂಗಳಕ್ಕೊಂದು, ಬದುವಿಗೊಂದು ಬೇವಿನ ಸಸಿಯನ್ನು ನೆಟ್ಟು ಕಾಪಾಡಿದರೆ, ಇಂದಿನ ಮಕ್ಕಳು ಅನುಭವಿಸಿದ ಉರಿಯನ್ನು ಅವರ ಮಕ್ಕಳು ಅನುಭವಿಸಲಾರರು.